ಆರೈಕೆ ಬೇಡದ ಚಾಕು

ಹೋದ ವಾರ ತಂದ ಚಾಕು ಇವತ್ತು ಬಚ್ಚಲಲ್ಲಿ ಸಿಕ್ಕಿತು, ಗೆಳೆಯರೇ. ಹೆಂಡತಿ ಅದರಲ್ಲಿ ಜಾಲರಿಗೆ ಸಿಕ್ಕಿದ ಕೂದಲು ಕೆರೆಯುತ್ತಿದ್ದಳು.

ಪೀಣ್ಯದ ವರ್ಕ್‌ಶಾಪಿನಲ್ಲಿ ದಿನವೂ ಸ್ಟೀಲು ಕತ್ತರಿಸುವವನು ನಾನು. ಸವೆದ ಗರಗಸದ ಬ್ಲೇಡಿನಿಂದ ಮನೆಗೊಂದು ಚಾಕು ಮಾಡಿಕೊಟ್ಟಿದ್ದೆ. ನಿಂಬೆಹಣ್ಣು ಕೊಯ್ದರೆ ಸಾಕು, ತುಕ್ಕು. ಅದಕ್ಕೇ ಹುಡುಕಿ ಹುಡುಕಿ ಈ ಸ್ಟೇನ್‌ಲೆಸ್ ಚಾಕು ತಂದು, "ಇದಕ್ಕೆ ಒರೆಸೋದು, ಎಣ್ಣೆ ಹಚ್ಚೋದು ಏನೂ ಬೇಡ ಕಣೇ" ಎಂದಿದ್ದೆ.

"ಏನೇ ಇದು?"

"ಏನ್ ಮಾಡಿದ್ರೂ ಇದಕ್ಕೇನೂ ಆಗಲ್ಲ ಅಂತ ನೀವೇ ಅಂದ್ರಲ್ರೀ! ಆ ಹಳೇದು ಪಾಪ, ನೀರು ಬಿದ್ರೆ ಹಾಳಾಗುತ್ತೆ."

ಅಡುಗೆಮನೆಯಲ್ಲಿ ಹಳೆಯ ಚಾಕು ಎಣ್ಣೆ ಹಚ್ಚಿಸಿಕೊಂಡು, ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಮದುವೆಯಾದಂದಿನಿಂದ "ನನಗೇನೂ ಬೇಡ ಬಿಡು" ಎನ್ನುತ್ತಲೇ ಬಂದವನು ನಾನು. ಎಲ್ಲಿ ಎಡವಿದೆನೆಂದು ಈಗ ತಿಳಿಯಿತು.