ರಾವಣನನ್ನು ಕೊಂದವರು ಯಾರು, ಗಿರಿಜಾ?

ರಾವಣನನ್ನು ಕೊಂದವರು ಯಾರು? ಹಾವೇರಿಯ ನಮ್ಮ ಪಡಸಾಲೆಯಲ್ಲಿ ಈ ಪ್ರಶ್ನೆಗೆ ಎರಡು ವಾರ ಉತ್ತರ ಸಿಗಲಿಲ್ಲ ಎಂದರೆ ನಂಬುತ್ತೀರಾ?

ಕೇಳಿದವಳು ನಾನು, ಕಾಲೇಜಿನ ಇಂಗ್ಲಿಷ್ ಮೇಡಂ. ಉತ್ತರಿಸಬೇಕಾದವಳು ಗಿರಿಜಾ, ಕರ್ಜಗಿಯ ಅಂಗನವಾಡಿ ಸಹಾಯಕಿ. ಅಲ್ಲಿ ಕಾರ್ಯಕರ್ತೆಯ ಜಾಗ ಖಾಲಿಯಾಗುವುದಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ಅದು ಗಿರಿಜಾಗೆ. ಉಳಿದ ವಿಷಯಗಳನ್ನೆಲ್ಲ ದಾಟಿದ್ದಳು. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲ ಕಟ್ಟಿ, ರಾಣೆಬೆನ್ನೂರಿನಿಂದ ಗೈಡು ತರಿಸಿಕೊಂಡು, ವಾರಕ್ಕೆ ಮೂರು ದಿನ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಿದ್ದಳು.

"ಪ್ರಬಂಧ ಆಮ್ಯಾಲ ನೋಡೂಣು. ಮೊದಲ ವಾಯ್ಸ್ ಹಿಡಿ," ಎಂದೆ. ಆಕ್ಟಿವ್ ಕೊಡುತ್ತಾರೆ, ಪ್ಯಾಸಿವ್ ಮಾಡಬೇಕು. ಎರಡು ಮಾರ್ಕ್ಸು ಗ್ಯಾರಂಟಿ.

ಗಿರಿಜಾ ಚುರುಕು. ಹತ್ತು ವಾಕ್ಯ ಕೊಟ್ಟರೆ ಒಂಬತ್ತನ್ನು ಚಕಚಕ ಬದಲಾಯಿಸಿದಳು. ಹತ್ತನೆಯದು ಎಲ್ಲ ಗೈಡುಗಳಲ್ಲೂ ಇರುವಂಥದ್ದು: ರಾಮ ಕಿಲ್ಡ್ ರಾವಣ. ಅವಳು ಬರೆದದ್ದು, "ರಾವಣ ವಾಸ್ ಕಿಲ್ಡ್ ಬೈ". ಮುಂದೆ ಖಾಲಿ.

"ಬೈ ಯಾರು?"

"ಅವ್ರು ರೀ, ಅಕ್ಕೋರ." ಸೆರಗು ಬಾಯಿಗೆ ಹೋಯಿತು.

"ಯಾವ ಅವರು?"

"ನಮ್ಮ ಮನ್ಯಾಗಿನವ್ರ ಹೆಸರು ರೀ ಅದು."

ಅಯ್ಯೋ ಶಿವನೆ! ಗಂಡ ರಾಮಪ್ಪ! ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳ ಅತ್ತೆ ಕಲಿಸಿದ ಪಾಠ. (ಗಿರಿಜಾ ಕಷ್ಟ ಬಂದರೆ ಹನುಮಪ್ಪನನ್ನು ಕರೆಯುತ್ತಾಳೆ. ಅವನ ಒಡೆಯನಿಗೆ ಬಾಯಿ ಮುಚ್ಚಿಕೊಂಡೇ ಕೈಮುಗಿಯುತ್ತಾಳೆ.)

ಗಂಡಸರಿಗೆ ಈ ತೊಂದರೆಯಿಲ್ಲ, ನೋಡಿ. ಓಣಿಗೆಲ್ಲ ಕೇಳುವಂತೆ ಹೆಂಡತಿಯ ಹೆಸರು ಕೂಗುತ್ತಾರೆ. ಅದರಿಂದ ಯಾವ ಹೆಂಡತಿಯ ಆಯುಷ್ಯ ಕಡಿಮೆಯಾಗಿದೆ?

ನನಗೆ ಸಿಟ್ಟು ಬಂತು. "ಬಾಯಿಲೆ ಹೇಳಬ್ಯಾಡವಾ, ಬರಿ ಸಾಕು," ಎಂದೆ.

"ಕಿಲ್ಡ್ ಅಂತ ಬರದು, ಅದರ ಮಗ್ಗಲಕ ಅವ್ರ ಹೆಸರು ಬರೀಲೇನ್ರಿ? ಬ್ಯಾಡ್ರಿ! ಪಾಪ, ಮನ್ಯಾಗ ಇಲಿ ಬಂದ್ರ ಕಾಟ್ ಹತ್ತಿ ಕುಂದರತಾರ ಅವ್ರು."

ಕಾಲ ಬದಲಾಗಿದೆ, ಓದಿದವಳು ಹೀಗೆ ಹೆದರಬಾರದು ಎಂದೆಲ್ಲ ಅರ್ಧ ಗಂಟೆ ಭಾಷಣ ಬಿಗಿದೆ. ಪಾಪ, ಅವಳು ತಲೆಯಾಡಿಸಿದಳು, ಚಹಾ ಕುಡಿದಳು, ಬಸ್ಸಿಗೆ ಹೋದಳು. ಮರುಸಲ ಮತ್ತೆ ಅದೇ ಖಾಲಿ ಜಾಗ. ಕೃಷ್ಣ ಕಂಸನನ್ನು ಕೊಂದರೆ ಮಾತ್ರ ಅವಳಿಗೆ ಏನೂ ಅಡ್ಡಿಯಿರಲಿಲ್ಲ. ಪರೀಕ್ಷೆಯ ದಿನ ಬಂದೇಬಿಟ್ಟಿತು.

ಮೊನ್ನೆ ರಿಸಲ್ಟ್ ಬಂತು. ಗಿರಿಜಾ ಪೇಢೆ ಹಿಡಿದು ಓಡೋಡಿ ಬಂದಳು. ಇಂಗ್ಲಿಷಿನಲ್ಲಿ ಮೂವತ್ತಾರು. ಪಾಸಿಗೆ ಮೂವತ್ತೈದು ಬೇಕು. ಅವಳನ್ನು ಅಪ್ಪಿಕೊಂಡೇಬಿಟ್ಟೆ.

"ಆ ವಾಕ್ಯ ಬಂದಿತ್ತೇನ?"

"ಬಂದಿತ್ರಿ! ಬ್ಯಾಡಗಿ ಸೆಂಟರು, ಮೆಣಸಿನಕಾಯಿ ಘಾಟಿಗೆ ಸೀನಕೋಂತ ಬರ್ಯಾಕತ್ತಿದ್ನಿ. ಬೈ ತನಕ ಬರದ್ನಿ, ಮುಂದ ಕೈ ಏಳವಲ್ದು. ಈ ಸಲಾನೂ ಹೋದ್ರ ಜಾಗಾ ಬ್ಯಾರೆದವ್ರಿಗೆ ಹೊಕ್ಕೈತಿ. ಆ ಹುಡುಗರ ಮೂಗು ಒರಸಿ ಉಣಿಸಿ ಮಲಗಿಸಿದಾಕಿ ನಾನು, ಖುರ್ಚಿ ಮ್ಯಾಲ ಕುಂದ್ರಾಕಿ ಇನ್ನ್ಯಾರೋ? ತಪ್ಪಾತು ಅಂತ ಗಲ್ಲಾ ಬಡಕೊಂಡು ಬರದ ಬಿಟ್ನಿ ನೋಡ್ರಿ."

ಹೊರಬಂದವಳೇ ಎಸ್‌ಟಿಡಿ ಬೂತಿಗೆ ಓಡಿ, ಊರಿನ ಮನೆ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ ಗಂಡನನ್ನು ಕರೆಸಿದಳಂತೆ.

"ಆರಾಮ ಅದೀರೇನ್ರಿ ಅಂತ ಕೇಳಿದ್ನಿ. ಉಂಡು ಅಡ್ಡಾಗಿದ್ನಿ, ಯಾಕ ಎಬ್ಬಿಸಿದಿ ಅಂತ ಬೈದ್ರು. ಆಗ ಜೀವ ಬಂತ್ರಿ ನನಗ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು. ನಕ್ಕು ಮುಗಿಸಿ ಪೇಢೆಯ ಡಬ್ಬಿ ನನ್ನ ಮುಂದೆ ಹಿಡಿದಳು. "ನಿಮ್ಮ ಸಾಹೇಬ್ರಿಗೂ ಕೊಡ್ರಿ ಅಕ್ಕೋರ. ಅಂದಂಗ, ಅವ್ರ ಹೆಸರೇನ್ರಿ? ಇಷ್ಟು ದಿನಾ ಬಂದ್ರೂ ನನಗ ಗೊತ್ತ ಆಗಲಿಲ್ಲ."

ಬಾಯಿ ತೆರೆದೆ. ಮುಚ್ಚಿದೆ. ಒಳಗಿನ ಕೋಣೆಯತ್ತ ತಿರುಗಿ ಕೂಗಿದೆ: "ರೀ, ಸ್ವಲ್ಪ ಹೊರಗ ಬರ್ರಿ, ಗಿರಿಜಾ ನಿಮ್ಮ ಹೆಸರು ಕೇಳಾಕತ್ತಾಳ!"