ಹುಳವೆಂದು ಕರೆಸಿಕೊಂಡ ಕೊಳವೆ

ನನ್ನ ಅಕ್ಕನ ಮಗಳು ಹುಟ್ಟಿದ ಕೆಲವೇ ತಿಂಗಳಲ್ಲಿ ಅವಳ ತಲೆಯಲ್ಲಿ ನೀರು ತುಂಬಿಕೊಂಡಿತು. ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಆ ನೀರು ಇಳಿದುಹೋಗಲೆಂದು ಚರ್ಮದ ಕೆಳಗೆ ಸಣ್ಣ ಕೊಳವೆಯೊಂದನ್ನು ಇರಿಸಿದರು. ಅದರ ಇನ್ನೊಂದು ತುದಿ ಹೊಟ್ಟೆಯೊಳಗಿದೆ ಎಂಬುದನ್ನು ಅಕ್ಕನಿಗೆ ಯಾರೂ ಹೇಳಲಿಲ್ಲ. ‘ತಲೆ ಆಪರೇಷನ್, ಒಳಗೊಂದು ಪೈಪು ಹಾಕಿದ್ದೇವೆ’ ಎಂದಷ್ಟೇ ಹೇಳಿ ಕಳುಹಿಸಿದರು.

ಆದ್ದರಿಂದ, ಮೂರು ವರ್ಷ ತುಂಬಿದ ಮಗುವಿಗೆ ಹೊಟ್ಟೆನೋವು, ಜ್ವರ ಬಂದಾಗ ಅಕ್ಕ ತಲೆಯನ್ನು ಮುಟ್ಟಿ ನೋಡಿ ಸಮಾಧಾನಪಟ್ಟಳು. ರಾಯದುರ್ಗದ ವೈದ್ಯರೊಬ್ಬರು ಕಿವಿಯ ಹಿಂದಿನ ಹೊಲಿಗೆಯ ಗುರುತನ್ನು ಕಂಡೂ ಏನನ್ನೂ ಕೇಳದೆ ಜಂತುಹುಳುವಿನ ಔಷಧ ಬರೆದರು. ಜ್ವರ ಬಿಡಲಿಲ್ಲವೆಂದು ಮತ್ತೆ ಹೋದಾಗ, ಹುಳ ಬೀಳುತ್ತವೆ, ಕಾಯಿರಿ ಎಂದರು.

ಮರುದಿನ ಬೆಳಿಗ್ಗೆ ಮಗುವನ್ನು ತೊಳೆಯುವಾಗ ಬಿಳಿಯ ದಾರದಂಥದ್ದೊಂದು ಮಲದ್ವಾರದಿಂದ ಇಳಿಬಿದ್ದಿತ್ತು. ವೈದ್ಯರ ಮಾತು ನಿಜವಾಯಿತೆಂದು ಅಕ್ಕನ ಅತ್ತೆಗೆ ಸಂತೋಷ. ಅವರ ಬಾಲ್ಯದಲ್ಲಿ ಬಾವಿನೀರು ಕುಡಿದವರ ಕಾಲಿನಲ್ಲಿ ನಾರುಹುಣ್ಣು ಏಳುತ್ತಿತ್ತು; ಅದರ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟಿಷ್ಟೇ ಎಳೆದು ತೆಗೆಯುತ್ತಿದ್ದರು. ಅವರು ಪೊರಕೆಯ ಕಡ್ಡಿಯೊಂದನ್ನು ಮುರಿದು ತಂದರು.

“ಹರೀಬಾರ್ದವ್ವಾ, ನಿಧಾನ ಸುತ್ತಬೇಕು. ನಮ್ಮಪ್ಪನ ಕಾಲಾಗಿಂದು ನಾನೇ ತೆಗದೀನಿ.”

ಆಗ ಅಕ್ಕನ ಮನೆಯಲ್ಲೇ ಇದ್ದ ನಾನು ಬಾಗಿ ನೋಡಿದೆ. ಅದು ಮಿಸುಕಲಿಲ್ಲ, ತುದಿಯಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು. ತಲೆಯ ನೀರು ಇಳಿಯಲೆಂದು ಹಾಕಿದ ಪೈಪು ನೆನಪಾಯಿತು.

“ಎಳೀಬ್ಯಾಡ್ರಿ ಅತ್ತಿ. ಹುಳ ಅಲ್ಲ ಇದು, ತಲ್ಯಾಗಿನ ಪೈಪು.”

“ತಲ್ಯಾಗಿನ ಪೈಪು ಕೆಳಗ ಯಾಕ ಬರ್ತದ? ಡಿಗ್ರಿ ಓದಿದ್ದು ಹೆಚ್ಚಾತು ನಿನಗ.”

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ನನ್ನ ಮಾತು ತಪ್ಪಾದರೆ ಎಂಬ ಅಳುಕು ನನಗೂ ಇತ್ತು. ಆದರೆ ಅಕ್ಕ ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡಿದ್ದಳು. ಒಗೆದ ಬಟ್ಟೆ ಸುತ್ತಿ ಬಳ್ಳಾರಿಯ ಬಸ್ಸು ಹತ್ತಿದೆವು.

ಕೊಳವೆ ಕರುಳನ್ನು ಕೊರೆದು ಹೊರಬಂದಿದೆ, ನಂಜು ತಲೆಗೆ ಏರಬಹುದು ಎಂದು ಅಲ್ಲಿನ ವೈದ್ಯರು ತಿಳಿಸಿದರು. ಅನಂತರ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅಕ್ಕನನ್ನೇ ಗದರಿಸಿದರು. ಕಡ್ಡಿ ಮುರಿದು ತಂದ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಹುಳವೆಂಬ ಮಾತನ್ನು ಅವರಿಗೆ ಕೊಟ್ಟವರು ಓದಿದವರು. ಹೇಳಬೇಕಾದುದನ್ನು ಹೇಳದೆ ಕಳುಹಿಸಿದವರೂ ಓದಿದವರೇ.

ಹಳೆಯ ಕೊಳವೆ ತೆಗೆದು, ನಂಜು ಇಳಿದ ಮೇಲೆ ಹೊಸದನ್ನು ಹಾಕಿದರು. ಮಗು ಉಳಿಯಿತು. ಮನೆಗೆ ಕಳುಹಿಸುವಾಗ ವೈದ್ಯರು ಮತ್ತೆ ತಲೆಯ ಗಾಯದ ವಿಚಾರವನ್ನಷ್ಟೇ ಹೇಳಿ ಎದ್ದರು. ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ.

“ಹೊಟ್ಟೀದೂ ಹೇಳ್ರಿ ಸಾರ್. ನನಗಲ್ಲ, ಆಕಿಗೆ.”

ಅವರು ಅಸಮಾಧಾನದಿಂದಲೇ ಹಿಂದಿರುಗಿ, ಮಗುವಿನ ಕುತ್ತಿಗೆಯಿಂದ ಎದೆಯ ಮೇಲೆ ಇಳಿದು ಹೋಗಿದ್ದ ಗೆರೆಯನ್ನು ಬೆರಳಿನಿಂದ ತೋರಿಸಿದರು. ಅಕ್ಕ ಅದನ್ನು ಹೊಟ್ಟೆಯವರೆಗೂ ಸವರಿದಳು.

“ಮೂರು ವರ್ಷ ಎಣ್ಣಿ ಹಚ್ಚಿ ಎರದೀನ್ರಿ,” ಎಂದಳು. “ನಾ ಇದನ್ನ ನರ ಅನ್ಕೊಂಡಿದ್ದೆ.”