ಕಿರುಗುಟ್ಟುವ ಕಾರು

ಮಳವಳ್ಳಿಯ ನಮ್ಮ ಮನೆಗೆ ಕಾರು ಬಂದದ್ದು ನಾನು ಸೊಸೆಯಾಗಿ ಬಂದ ಮರುವರ್ಷ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚೆ. ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಕಾರು. ಬೆಂದ ಬದನೆಕಾಯಿಯ ಬಣ್ಣ. ಅದನ್ನು ನಿಲ್ಲಿಸಲು ಮಾವನವರು ಕೊಟ್ಟಿಗೆಯ ಒಂದು ಅಂಕಣ ತೆರವು ಮಾಡಿಸಿದರು. ಹಾಗಾಗಿ ಕಾರಿನ ಒಂದು ಪಕ್ಕಕ್ಕೆ ಎತ್ತುಗಳು, ಇನ್ನೊಂದು ಪಕ್ಕಕ್ಕೆ ಕಬ್ಬಿನ ಗಾಡಿಗಳು. ಚಳಿಗಾಲದ ಬೆಳಿಗ್ಗೆ ಎತ್ತಿನ ಉಸಿರು ತಾಗಿ ಒಂದು ಕಡೆಯ ಗಾಜು ಮಾತ್ರ ಮಂಜಾಗಿರುತ್ತಿತ್ತು.

ಓಡಿಸುತ್ತಿದ್ದವನು ಬಸರಾಳಿನ ಕಡೆಯವನು. ಮೊದಲು ನಮ್ಮಲ್ಲೇ ಗಾಡಿ ಹೊಡೆಯುತ್ತಿದ್ದ. ಮಾವನವರೇ ಅವನನ್ನು ಮೈಸೂರಿಗೆ ಕಳಿಸಿ ಡ್ರೈವಿಂಗ್ ಕಲಿಸಿ, ಖಾಕಿ ಕೋಟು ಹೊಲಿಸಿಕೊಟ್ಟಿದ್ದರು. ಎಂಥ ಬಿಸಿಲಿನಲ್ಲೂ ಅವನು ಅದರ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡೇ ಇರುತ್ತಿದ್ದ. ಕೆಲಸದವರು ‘ದೊರೆ’ ಎಂದು ಛೇಡಿಸಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮದ್ದೂರಿನಲ್ಲಿ ರಸ್ತೆ ಹೊಳೆಯ ಕಡೆ ಇಳಿಯುವಲ್ಲಿ ಕಾರು ನಿಲ್ಲಲಿಲ್ಲ. ಮುಂದೆ ಹೋಗುತ್ತಿದ್ದ ಹುಲ್ಲಿನ ಗಾಡಿಯ ಹಿಂಭಾಗಕ್ಕೆ ಮೂಗು ತೂರಿಸಿ ಸುಮ್ಮನಾಯಿತು. ಹುಲ್ಲಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ನಾನೂ ಅತ್ತೆಯೂ ಹಿಂದಿನ ಸೀಟಿನಲ್ಲಿದ್ದೆವು. ಮುಂದೆ ಕೂತಿದ್ದ ಮಾವನವರ ಪೇಟ ಕಳಚಿ ಕಾಲ ಬಳಿ ಬಿತ್ತು. ಅದನ್ನೆತ್ತಿ ತಲೆಗೆ ಇಟ್ಟುಕೊಂಡ ಮೇಲೆಯೇ ಡ್ರೈವರನ್ನು ಕೇಳಿದರು.

“ಬ್ರೇಕು ತುಳಿಯಕ್ಕೆ ಕಾಲಿರ್ನಿಲ್ವೇನ್ಲಾ?”

“ತುಳ್ದೆ ಯಜಮಾನ್ರೆ. ಬೆಣ್ಣೆ ಮುದ್ದೆ ತುಳ್ದಂಗಾಯ್ತು.”

“ಬೆಣ್ಣೆಯಂತೆ ಬೆಣ್ಣೆ.”

ಹುಲ್ಲಿನ ಗಾಡಿಯವನು ಇಳಿದು ಬಂದು, ಕಾರಿನ ಮುಂಭಾಗವನ್ನು ಒಂದು ಸುತ್ತು ನೋಡಿ, “ಕಾರೂವೆ ಉಲ್ ತಿಂತದಾ ಸ್ವಾಮಿ?” ಎಂದು ಕೇಳಿದ. ಅವನ ಮುಖದಲ್ಲಿ ನಗುವಿರಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಇಳಿಯುವಾಗ ನನ್ನ ಸೀರೆಯ ಅಂಚು ಹಿಂದಿನ ಗಾಲಿಗೆ ಸವರಿತು. ತಿಳಿನೀಲಿ ಸೀರೆ, ತವರಿನಲ್ಲಿ ಕೊಟ್ಟದ್ದು.

ನಾವು ಬಸ್ಸು ಹಿಡಿದು ಮನೆಗೆ ಬಂದೆವು. ಡ್ರೈವರು ಕಾರನ್ನು ನಡಿಗೆಯ ವೇಗದಲ್ಲಿ ಮಂಡ್ಯಕ್ಕೆ ಒಯ್ದು, ಅದನ್ನು ನಮಗೆ ಮಾರಿದ್ದ ಮೋಟಾರು ಕಂಪನಿಯವರಿಗೆ ಒಪ್ಪಿಸಿ ಬಂದ.

ವಾರದೊಳಗೆ ಕಂಪನಿಯ ಎಸ್ಟಿಮೇಟು ಟಪಾಲಿನಲ್ಲಿ ಬಂತು, ಇಂಗ್ಲಿಷಿನಲ್ಲಿ. ನನ್ನ ಯಜಮಾನರು ಪ್ಲೀಡರಿ ಓದಲು ಮದರಾಸಿಗೆ ಹೋಗಿದ್ದರು. ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದದ್ದು ಮೈಸೂರಿನ ಕಾನ್ವೆಂಟಿನಲ್ಲಿ ಓದಿದ್ದ ನನಗೊಬ್ಬಳಿಗೇ. ಆದರೆ ಆ ಮನೆಯಲ್ಲಿ ಸೊಸೆ ಮಾವನೊಂದಿಗೆ ನೇರವಾಗಿ ಮಾತಾಡುವ ರೂಢಿಯಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅತ್ತೆಗೆ ಹೇಳುವುದು, ಹೊಸ್ತಿಲಲ್ಲಿ ಕೂತ ಅತ್ತೆ ಅದನ್ನೇ ಪಡಸಾಲೆಯಲ್ಲಿದ್ದ ಮಾವನವರಿಗೆ ಹೇಳುವುದು. ನನ್ನ ದನಿ ಅವರಿಗೆ ಕೇಳುತ್ತಲೇ ಇತ್ತು. ಆದರೂ ಅತ್ತೆ ಹೇಳುವವರೆಗೆ ಅವರು ಕೇಳಿಸಿಕೊಂಡಂತೆ ತೋರಿಸಿಕೊಳ್ಳುತ್ತಿರಲಿಲ್ಲ.

ನಾಲ್ಕು ಗಾಲಿಗೂ ಹೊಸ ಬ್ರೇಕ್ ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಲೈನಿಂಗು ಪಟ್ಟಿ, ಹೊಸ ಸರಳುಗಳು. ಒಟ್ಟು ಮೊತ್ತದಲ್ಲಿ ಒಳ್ಳೆಯ ಒಂದು ಜೊತೆ ಹಳ್ಳಿಕಾರ್ ಎತ್ತು ಬರುತ್ತಿತ್ತು. ಕೊನೆಯಲ್ಲಿ ಒಂದು ಸಾಲು: ಡ್ರೈವರನ ಒರಟು ಓಡಿಸುವಿಕೆಯಿಂದ ಬ್ರೇಕುಗಳು ಹಾಳಾಗಿರುವಂತೆ ಕಾಣುತ್ತದೆ. ಆ ಸಾಲನ್ನು ಮೆಲ್ಲಗೆ ಓದಿದೆ. ಅತ್ತೆಯೂ ಮೆಲ್ಲಗೇ ಹೇಳಿದರು.

“ಈ ತಿಂಗ್ಳು ಮುಗುದ್ಮ್ಯಾಲೆ ಅವನು ಬಸರಾಳಿಗೆ ಓಗ್ಲಿ” ಎಂದರು ಮಾವನವರು. “ಅವನ ಕಾಲಿಂದ ಒಂದು ಜೊತೆ ಎತ್ತು ಓಯ್ತು.”

ಅಂದು ಸಂಜೆ ಡ್ರೈವರು ಹಿತ್ತಲಿಗೆ ಬಂದ. ಮಡಿಸಿದ ಕೋಟು ತೋಳಿನ ಮೇಲಿತ್ತು.

“ಚಿಕ್ಕವ್ವಾರೆ, ಆ ಕಾಗದದಲ್ಲಿ ನನ್ನ ಎಸ್ರು ಐತ್ರಾ?”

“ಹೆಸರಿಲ್ಲ. ಡ್ರೈವರ್ ಅಂತ ಇದೆ.”

“ಡ್ರೈವರ್ ಅಂದ್ರೆ ನಾನೇ ಅಲ್ವ್ರಾ.” ಕೋಟನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ. “ಬ್ರೇಕು ಕೆಡಿಸ್ದೋನು ಅಂತ ಎಸ್ರಾದ್ರೆ ಇನ್ಯಾವ ಮನೇಲೂ ಕಾರು ಮುಟ್ಟಕ್ಕೆ ಬುಡಕಿಲ್ಲ. ಮತ್ತೆ ಇನ್ನೊಬ್ರ ನೇಗ್ಲೇಯ.”

ಕಾಫಿ ಕೊಟ್ಟೆ. ಕುಡಿದು, ಲೋಟ ತೊಳೆದು, ಬೋರಲು ಹಾಕಿ ಹೋದ.

ಮಾರನೆಯ ದಿನ ಆ ನೀಲಿ ಸೀರೆಯನ್ನು ನೆನೆಹಾಕಿದೆ. ಅಂಚಿನಲ್ಲಿ ಅಂಗೈ ಅಗಲದ ಕಪ್ಪು ಕಲೆ. ಸೀಗೆಪುಡಿಗೂ ಹೋಗಲಿಲ್ಲ, ಸಾಬೂನಿಗೂ ಹೋಗಲಿಲ್ಲ. ಅತ್ತೆ ಬಗ್ಗಿ ನೋಡಿದರು.

“ಕೀಲೆಣ್ಣೆ ಕಣಮ್ಮಿ. ಗಾಡೀಲಿ ಎಲ್ಲಿಗೋಗಿದ್ದೆ?”

“ಗೌರಿಹಬ್ಬದಿಂದ ಈಚೆಗೆ ನಾನು ಗಾಡಿ ಹತ್ತೇ ಇಲ್ಲ ಅತ್ತೆಮ್ಮ. ಇದು ಕಾರಿನ ಗಾಲಿ ತಗುಲಿದ್ದು.”

ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ. ಅದರ ವಾಸನೆ ಒಮ್ಮೆ ಮೂಗಿಗೆ ಬಂದರೆ ಮರೆಯುವಂಥದ್ದಲ್ಲ. ನಮ್ಮ ಮನೆಯ ಗಾಡಿಗಳಿಗೆ ಅದನ್ನು ಹಚ್ಚುತ್ತಿದ್ದವರು ಮಾವನವರೇ, ಆಳುಗಳಿಗೆ ಬಿಡುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆ ಎಣ್ಣೆ ತುಂಬಿದ ಬಿದಿರಿನ ಗೊಟ್ಟ ಹಿಡಿದು ಕೊಟ್ಟಿಗೆಗೆ ಹೋಗುವರು. ಕಿರುಗುಟ್ಟುವ ಗಾಡಿ ಬೀದಿಯಲ್ಲಿ ಹೋದರೆ ‘ಆ ಮನೇಲಿ ಎಣ್ಣೆಗೂ ಗತಿಯಿಲ್ಲ’ ಎಂದು ಜನ ಆಡಿಕೊಳ್ಳುವ ಕಾಲ ಅದು.

ಕಾರು ನಿಲ್ಲುವಾಗ ಕಿರ್ ಎನ್ನುತ್ತಿತ್ತು. ದೀಪಾವಳಿಗೆ ಮುಂಚೆ ದಿನವೂ ಕೇಳುತ್ತಿದ್ದ ಆ ಸದ್ದು, ಹಬ್ಬ ಕಳೆದ ಮೇಲೆ ಕೇಳಿರಲಿಲ್ಲ. ಇದು ನನಗೂ ಅತ್ತೆಗೂ ಒಟ್ಟಿಗೇ ಹೊಳೆದಿರಬೇಕು. ಅವರು ಸೀರೆಯ ಅಂಚನ್ನು ಬಕೆಟ್ಟಿಗೆ ಬಿಟ್ಟು ನಿಟ್ಟುಸಿರಿಟ್ಟರು.

“ದೀಪಾವಳಿ ಅಮಾಸೆ ದಿಸ ನಾನೇ ನೋಡ್ದೆ. ಕಾರಿನ ತಾವ ಕುಂತಿದ್ರು. ದೀಪ ಅಚ್ಚಕ್ಕೆ ಅಂದ್ಕಂಡಿದ್ದೆ.”

“ಮಾವನವರಿಗೆ ಹೇಳ್ತೀರಾ?”

“ನಾನಾ? ಮದ್ವೆಯಾದಾಗಿಂದ ಅವರು ಮಾಡಿದ್ದನ್ನ ತಪ್ಪು ಅಂದೋಳಲ್ಲ, ಈಗ ಅಂತೀನಾ. ನಿನ್ನ ಬಾಯಿಂದ್ಲೂ ಬ್ಯಾಡ. ಆ ಕಂಪನಿಯೋನ ಬಾಯಿಂದ್ಲೇ ಬರ್ಲಿ.”

ರಾತ್ರಿ ಊಟ ಬಡಿಸುವಾಗ ಅತ್ತೆ ಮಾವನವರಿಗೆ ಹೇಳಿದರು: “ಅಷ್ಟೊಂದು ದುಡ್ಡು ಕೇಳವ್ನಲ್ಲ, ಯಾಕೆ ಅಂತ ಕೇಳೋರು ಬ್ಯಾಡ್ವಾ? ಅವನಿಗೆ ಕನ್ನಡ ಬರಲ್ಲ, ನಿಮ್ಗೆ ಇಂಗ್ಲೀಸು ಬರಲ್ಲ. ಸೊಸೇನ ಕರ್ಕೊಂಡೋಗಿ.” ಮಾವನವರು ಮುದ್ದೆ ಮುರಿಯುತ್ತಾ ಹೂಂ ಎಂದರು.

ಹೀಗೆ ಮಂಡ್ಯಕ್ಕೆ ಹೋದದ್ದು ಮೂವರು: ಮಾವನವರು, ನಾನು, ಕೋಟಿಲ್ಲದ ಡ್ರೈವರು.

ಕಂಪನಿಯ ಅಂಗಡಿಗೆ ದೊಡ್ಡ ಗಾಜಿನ ಮುಖ. ಒಳಗೆ ಹೊಸ ರಬ್ಬರಿನ ವಾಸನೆ, ಬಿಳಿ ಬಟ್ಟೆ ಹೊದಿಸಿದ ಒಂದು ಕಾರು. ಮ್ಯಾನೇಜರು ಮದರಾಸಿನ ಕಡೆಯವರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲು. ನನಗೆ ಕುರ್ಚಿ ತೋರಿಸಿದರು. ಮಾವನವರ ಮುಂದೆ ನಾನು ಕೂರುವಂತಿರಲಿಲ್ಲ. ಹೆಂಗಸು ನಿಂತಿರುವಾಗ ಮ್ಯಾನೇಜರು ಕೂರುವಂತಿರಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ಮಾವನವರೊಬ್ಬರೇ ಕೂತಿದ್ದರು.

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಪ್ರಾರ್ಥನೆಯ ಇಂಗ್ಲಿಷು, ಪತ್ರದ ಇಂಗ್ಲಿಷು. ಬೆಲೆ ಕೇಳುವ ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ. ಅದಕ್ಕೇ ಪತ್ರದಂತೆ ಶುರುಮಾಡಿದೆ: ದಯವಿಟ್ಟು ಗಾಲಿಗಳನ್ನು ನಮಗೆ ತೋರಿಸಬಹುದೇ?

ಮ್ಯಾನೇಜರು ನಮ್ಮನ್ನು ಹಿಂದಿನ ಶೆಡ್ಡಿಗೆ ಕರೆದೊಯ್ದರು. ನಾಲ್ಕು ಗಾಲಿಯನ್ನೂ ಬಿಚ್ಚಿದ್ದರು. ಡ್ರಮ್ಮುಗಳು ಬೋಗುಣಿಗಳಂತೆ ನೆಲದ ಮೇಲೆ ಮಲಗಿದ್ದವು. ಎರಡರೊಳಗೆ ಧೂಳು. ಇನ್ನೆರಡರೊಳಗೆ, ಅವು ಹಿಂದಿನ ಗಾಲಿಯವು, ನನ್ನ ಸೀರೆಯ ಅಂಚಿನ ಕಪ್ಪು. ಆ ವಾಸನೆಯೂ ಇತ್ತು.

ಇದೇನು, ಎಂದು ಕೇಳಿದೆ.

ಎಣ್ಣೆ, ಎಂದರು ಅವರು. ಬ್ರೇಕಿಗೆ ಎಣ್ಣೆ ತಗುಲಿದರೆ ಅದು ಹಿಡಿಯುವುದಿಲ್ಲ, ಜಾರುತ್ತದೆ. ಇದನ್ನು ಸುರಿದವನು ಮೂರ್ಖ. ನಿಮ್ಮ ಡ್ರೈವರನ್ನು ಕೇಳಿ.

ಮೂರ್ಖ ಎನ್ನುವ ಇಂಗ್ಲಿಷಿನ ಮಾತು ಡ್ರೈವರಿಗೂ ಗೊತ್ತಿತ್ತು. ಅವನು ಶೆಡ್ಡಿನ ಕಂಬದ ಕಡೆ ಸರಿದ.

“ಏನಂತೆ?” ಎಂದರು ಮಾವನವರು.

ಇಲ್ಲಿ ಅತ್ತೆ ಇರಲಿಲ್ಲ. ನಾನು ರೂಢಿಯಂತೆ ಡ್ರೈವರ ಕಡೆ ತಿರುಗಿ, “ಹಿಂದಿನ ಗಾಲಿಗೆ ಎಣ್ಣೆ ಸೇರಿದೆಯಂತೆ” ಎಂದೆ.

“ಇಂದಿನ ಗಾಲಿಗೆ ಎಣ್ಣೆ ಸೇರ್ಕಂಡೈತಂತೆ ಯಜಮಾನ್ರೆ” ಎಂದ ಅವನು.

“ಅದಕ್ಕೇ ಬ್ರೇಕು ಹಿಡೀಲಿಲ್ಲವಂತೆ.”

“ಅದ್ಕೇ ಬ್ರೇಕು—”

“ನನ್ಗೇ ಏಳವ್ವ” ಎಂದರು ಮಾವನವರು. “ಅವನ್ಯಾಕೆ ಮಧ್ಯದಲ್ಲಿ.”

ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರ ಚಪ್ಪಲಿಯನ್ನು ನೋಡುತ್ತಾ ಹೇಳಿದೆ: “ಎಣ್ಣೆ ಯಾರು ಹಾಕಿದ್ದು ಅಂತ ಕೇಳ್ತಿದ್ದಾರೆ.”

ಮಾವನವರು ಬಗ್ಗಿ ಒಂದು ಬೆರಳನ್ನು ಡ್ರಮ್ಮಿನೊಳಗೆ ಆಡಿಸಿದರು. ಹೆಬ್ಬೆರಳಿಗೆ ಉಜ್ಜಿ ಮೂಸಿದರು. ತಮ್ಮ ಕೈಯಲ್ಲೇ ಕಲಸಿದ ಎಣ್ಣೆಯನ್ನು ಗುರುತಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಡ್ರೈವರು ಮಾತ್ರ ಇನ್ನೂ ನೆಲ ನೋಡುತ್ತಿದ್ದ.

“ಎಣ್ಣೆ ಆಕ್ದೆ ಇದ್ರೆ ಕಿರ್ ಅನ್ನಲ್ವಾ ಅಂತ ಕೇಳು.”

ಕೇಳಿದೆ. ಅನ್ನುತ್ತದೆ, ಎಂದರು ಮ್ಯಾನೇಜರು. ಸ್ವಲ್ಪ ಸದ್ದು ಮಾಡಿದರೆ ಏನೂ ತೊಂದರೆಯಿಲ್ಲ. ಒಣಗಿದ್ದರೇ ಅದು ಹಿಡಿಯುವುದು.

“ಬೀದಿ ಬಾಗ್ಲಲ್ಲಿ ಕಿರ್ ಅಂತ ನಿಂತ್ರೆ ಮನೆ ಮಾನ ಏನಾಯ್ತದೆ ಅಂತ ಕೇಳು.”

ಅದನ್ನೂ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

ಮಾವನವರು ಬೆರಳನ್ನು ಟವೆಲಿಗೆ ಒರೆಸಿಕೊಂಡರು. “ನಾನೇ ಆಕಿದ್ದು ಅಂತ ಏಳವ್ವ.”

ಹೇಳಿದೆ. ಮ್ಯಾನೇಜರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. ಮೂರ್ಖ ಎಂಬ ಮಾತು ಇನ್ನೂ ಆ ಶೆಡ್ಡಿನಲ್ಲೇ ಇತ್ತು. ಅವರು ಅದನ್ನು ಹೇಗೆ ಹಿಂದೆ ತೆಗೆದುಕೊಳ್ಳುವುದೆಂದು ಯೋಚಿಸುತ್ತಿರುವಾಗ ನಾನು ನನ್ನ ಉಳಿದ ಪ್ರಶ್ನೆಗಳನ್ನು ಕೇಳಿಬಿಟ್ಟೆ. ಎಣ್ಣೆ ಹಿಂದಿನ ಗಾಲಿಗಳಲ್ಲಿ ಮಾತ್ರ ಇದೆಯಲ್ಲ, ಮುಂದಿನವಕ್ಕೆ ಹೊಸದು ಯಾಕೆ? ಡ್ರಮ್ಮು ಕಬ್ಬಿಣದ್ದಲ್ಲವೇ, ಕಬ್ಬಿಣವನ್ನು ತೊಳೆದರೆ ಸಾಲದೇ? ಒರಟಾಗಿ ಓಡಿಸಿದ ಎಂದು ಬರೆದಿದ್ದೀರಿ, ಅದು ಎಲ್ಲಿ ಕಾಣುತ್ತದೆ?

ಸಾಮಾನ್ಯವಾಗಿ ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತೇವೆ ಎಂದರು. ನಾನು ಬರಿ ಧೂಳಿದ್ದ ಎರಡು ಡ್ರಮ್ಮುಗಳ ಕಡೆ ಕೈ ತೋರಿಸಿದೆ. ಅವರು ಎಸ್ಟಿಮೇಟು ತರಿಸಿ ಪೆನ್ಸಿಲಿನಿಂದ ಒಂದು ಸಾಲು ಹೊಡೆದು ಹಾಕಿದರು, ಆಮೇಲೆ ಇನ್ನೊಂದು. ಮಾವನವರಿಗೆ ಅಕ್ಷರ ತಿಳಿಯದಿದ್ದರೂ ಗೆರೆ ತಿಳಿಯುತ್ತಿತ್ತು. ಪ್ರತಿ ಗೆರೆಗೂ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಉಳಿದದ್ದು ಹಿಂದಿನ ಎರಡು ಗಾಲಿಯ ಲೈನಿಂಗು, ತೊಳೆಯುವ ಕೂಲಿ.

ಆಗ ಮಾವನವರು ಹೆಗಲಿನ ಟವೆಲನ್ನು ಬಲಗೈ ಮೇಲೆ ಇಳಿಬಿಟ್ಟುಕೊಂಡು ಮ್ಯಾನೇಜರ ಮುಂದೆ ಚಾಚಿದರು. ಎತ್ತಿನ ವ್ಯಾಪಾರದಲ್ಲಿ ಟವೆಲಿನ ಮರೆಯಲ್ಲಿ ಹಿಡಿದ ಬೆರಳುಗಳ ಎಣಿಕೆಯಿಂದ ಬೆಲೆ ಹೇಳುವುದು ನಮ್ಮ ಕಡೆಯ ವಾಡಿಕೆ. ಮ್ಯಾನೇಜರು ಅದನ್ನು ಕೈಕುಲುಕುವುದೆಂದು ತಿಳಿದು, ಟವೆಲಿನೊಳಗೆ ಕೈ ತೂರಿಸಿ, ಬಹಳ ಗೌರವದಿಂದ ಕುಲುಕಿದರು.

“ಏನವ್ವ ಇವನು, ಐದೂ ಬೆರಳು ಇಡ್ಕತಾನೆ” ಎಂದರು ಮಾವನವರು ನನ್ನ ಕಡೆ ತಿರುಗಿ. ಕಂಬದ ಹತ್ತಿರ ಡ್ರೈವರು ಕೆಮ್ಮಿದ.

ಕೊನೆಗೆ, ಒರಟು ಓಡಿಸುವಿಕೆಯ ಸಾಲನ್ನೂ ಹೊಡೆಯಬೇಕೆಂದು ಕೇಳಿದೆ. ಅದಕ್ಕೆ ಬೆಲೆಯಿಲ್ಲವಲ್ಲ ಮೇಡಂ, ಎಂದರು. ಇದೆ, ಎಂದೆ. ಹೊಡೆದರು.

ಹಿಂತಿರುಗಿದ್ದು ಬಸ್ಸಿನಲ್ಲಿ. ಡ್ರೈವರಿಗೆ ಮಾವನವರು ಏನೂ ಹೇಳಲಿಲ್ಲ. ಹೋಗು ಎಂದಾಗಲಿ, ಇರು ಎಂದಾಗಲಿ. ಮನೆಯಲ್ಲಿ ನನಗೂ ಅವರಿಗೂ ಮತ್ತೆ ಅತ್ತೆಯೇ ಮಧ್ಯೆ.

ಕಾರು ಸಿದ್ಧವಾಯಿತೆಂದು ತಿಳಿದಾಗ ತಿಂಗಳು ಮುಗಿಯುತ್ತಾ ಬಂದಿತ್ತು. ಡ್ರೈವರು ಹೋಗಿ ಓಡಿಸಿಕೊಂಡು ಬಂದ. ಮಾವನವರು ಜಗಲಿಯ ಮೇಲಿದ್ದರು, ನಾನೂ ಅತ್ತೆಯೂ ಕಿಟಕಿಯ ಹಿಂದೆ. ಕಾರು ಬಾಗಿಲ ಮುಂದೆ ಕಿರ್ ಎಂದು ಬೀದಿಗೆಲ್ಲ ಕೇಳುವಂತೆ ನಿಂತಿತು. ಎದುರುಮನೆಯವರು ಇಣುಕಿ ನೋಡಿದರು. ಮಾವನವರ ಮುಖ ಗಂಟಾಯಿತು. ಡ್ರೈವರು ಇಳಿದು, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಕಾದು ನಿಂತ.

“ಇನ್ಮ್ಯಾಲೆ ಗಾಲಿ ತಾವ್ಕೆ ಯಾರ್ನೂ ಬುಡಬ್ಯಾಡ ಕಣ್ಲಾ” ಎಂದರು ಮಾವನವರು.

“ಆಗ್ಲಿ ಯಜಮಾನ್ರೆ.”

ಅವರು ಎದ್ದು ಒಳಗೆ ಹೊರಟವರು ಹೊಸ್ತಿಲಲ್ಲಿ ನಿಂತರು.

“ನನ್ನೂವೆ.”

ಡ್ರೈವರು ಕೋಟಿನ ತೋಳಿಗೆ ಕೈ ತೂರಿಸಿದ. ಕೆಳಗಿನಿಂದ ಶುರುಮಾಡಿ ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಕಾರನ್ನು ಕೊಟ್ಟಿಗೆಗೆ ಬಿಟ್ಟ.